ರಕ್ತ ತೆಳು ಮಾಡುವ ಮಾತ್ರೆ: ನೆರೆಮನೆಯಿಂದ ತರುವುದಲ್ಲ, ನಾವಾಗಿ ಬಿಡುವುದೂ ಅಲ್ಲ



2025ರ ಮೇ, ಜೂನ್ ತಿಂಗಳಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೆ ಒಂದು ಬಂದದ್ದು ನಿಮಗೆಲ್ಲ ನೆನಪಿದೆ. ಏನೂ ತೊಂದರೆ ಇಲ್ಲದವರೂ ಹೆದರಿಕೊಂಡು ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿ ಜುಲೈನಲ್ಲಿ ವರದಿ ಕೊಟ್ಟಿತು. ಅವುಗಳಲ್ಲಿ ನಾಲ್ಕಕ್ಕೆ ಕಾರಣ ಹೃದಯವೇ ಅಲ್ಲ. ಉಳಿದವರಲ್ಲಿ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ, ಬಿಪಿ, ಹೊಗೆಸೊಪ್ಪು, ಕುಡಿತ ಇಂಥ ಗೊತ್ತಿರುವ ಕಾರಣಗಳೇ ಇದ್ದವು.

ಆದರೆ ಆ ಭಯ ಇನ್ನೂ ಪೂರ್ತಿ ಹೋಗಿಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸಂಘಗಳ ಸಭೆಗಳಲ್ಲಿ ನಮಗೆ ಎರಡು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತವೆ. ಒಂದು, "ನಾವೂ ದಿನಾ ಒಂದು ರಕ್ತ ತೆಳು ಆಗೋ ಮಾತ್ರೆ ತಗೊಂಡ್ರೆ ಒಳ್ಳೇದಲ್ವಾ?" ಇನ್ನೊಂದು, ವಾಲ್ವ್ ಆಪರೇಷನ್ ಆದವರು ಕೇಳುವುದು: "ಈಗ ಚೆನ್ನಾಗಿದ್ದೀನಿ, ಮಾತ್ರೆ ನಿಲ್ಲಿಸಬಹುದಾ?" ಎರಡಕ್ಕೂ ಉತ್ತರ ಬೇಡ ಅಂತಲೇ. ಯಾಕೆ ಅನ್ನೋದನ್ನು ತಿಳಿದುಕೊಳ್ಳೋಣ.

ರಕ್ತ ತೆಳ್ಳಗಾಗುತ್ತದೆಯೇ?

ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಸಾರಿಗೆ ನೀರು ಬೆರೆಸಿದ ಹಾಗೆ ರಕ್ತ ತೆಳ್ಳಗಾಗುವುದಿಲ್ಲ. ಅದು ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಅಷ್ಟೆ. ಹೇಮಾವತಿ ನಾಲೆಯ ಏರಿ ಒಡೆದರೆ ಏನು ಮಾಡುತ್ತಾರೆ? ಮೊದಲು ಕಲ್ಲು ಹಾಕುತ್ತಾರೆ, ಆಮೇಲೆ ಮಣ್ಣು ಮೆತ್ತಿ ಗಟ್ಟಿ ಮಾಡುತ್ತಾರೆ. ಕೈ ಕೊಯ್ದುಕೊಂಡಾಗ ದೇಹವೂ ಹೀಗೇ ಮಾಡುತ್ತದೆ. ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಕಲ್ಲಿನ ಹಾಗೆ ಬಂದು ಕೂರುತ್ತವೆ. ಲಿವರ್ ತಯಾರಿಸುವ ಕೆಲವು ಅಂಶಗಳು ಮಣ್ಣು ಮೆತ್ತಿದ ಹಾಗೆ ಅದನ್ನು ಬಿಗಿ ಮಾಡುತ್ತವೆ.

ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳು ಕಲ್ಲು ಅಂಟದಂತೆ ನೋಡಿಕೊಳ್ಳುತ್ತವೆ. ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಇವನ್ನು ಕೊಡುತ್ತಾರೆ. ಅಸಿಟ್ರಾಮ್, ವಾರ್ಫರಿನ್ ಬೇರೆ ಜಾತಿ. ಅವು ಮಣ್ಣನ್ನೇ ಕಡಿಮೆ ಮಾಡುತ್ತವೆ. ಜನರ ಬಾಯಲ್ಲಿ ಎರಡಕ್ಕೂ ಹೆಸರು ಒಂದೇ, ಆದರೆ ಒಂದರ ಬದಲು ಇನ್ನೊಂದು ನುಂಗುವಂತಿಲ್ಲ.

ಆರೋಗ್ಯವಾಗಿರುವವರು ಭಯಕ್ಕೆ ಆಸ್ಪಿರಿನ್ ಶುರು ಮಾಡಿದರೆ ಹೊಟ್ಟೆಯಲ್ಲಿ, ಕೆಲವೊಮ್ಮೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಲಾಭಕ್ಕಿಂತ ಅಪಾಯವೇ ಜಾಸ್ತಿ. ಎದೆನೋವು ಬಂದರೆ ಮನೆಯಲ್ಲಿ ಮಾತ್ರೆ ಹುಡುಕುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. 2024ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.

ವಾಲ್ವ್ ಹಾಕಿಸಿಕೊಂಡ ಅಕ್ಕತಂಗಿಯರಿಗೆ

ನಮ್ಮ ಕಡೆ ಹೆಂಗಸರಲ್ಲಿ ಅಸಿಟ್ರಾಮ್ ನುಂಗುವವರು ಹೆಚ್ಚಾಗಿ ವಾಲ್ವ್ ಬದಲಾಯಿಸಿಕೊಂಡವರು. ಚಿಕ್ಕಂದಿನಲ್ಲಿ ಗಂಟಲುನೋವು, ಆಮೇಲೆ ಜ್ವರ, ಕೀಲು ಊತ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಆ ಕೀಲುವಾಯು ಜ್ವರ ಒಳಗೊಳಗೇ ಹೃದಯದ ಬಾಗಿಲುಗಳನ್ನು ಕೆಡಿಸುತ್ತದೆ. ಎಷ್ಟೋ ಜನಕ್ಕೆ ಬಸುರಿಯಾದಾಗ ಉಸಿರು ಕಟ್ಟಿದ ಮೇಲೇ ಗೊತ್ತಾಗುವುದು. ಕೆಟ್ಟ ಬಾಗಿಲು ತೆಗೆದು ಲೋಹದ ವಾಲ್ವ್ ಹಾಕುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ನಮ್ಮವರೇ ರೂಪಿಸಿದ ಇಂಥ ವಾಲ್ವನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ರೋಗಿಗೆ ಜೋಡಿಸಲಾಯಿತು.

ಲೋಹ ಎಷ್ಟು ವರ್ಷ ಒಳಗಿದ್ದರೂ ರಕ್ತಕ್ಕೆ ಅದು ಪರಕೀಯ ವಸ್ತುವೇ. ಮಾತ್ರೆ ನಿಂತರೆ ಅಲ್ಲಿ ಹೆಪ್ಪು ಕೂರುತ್ತದೆ. ಬಾಗಿಲು ಸಿಕ್ಕಿಹಾಕಿಕೊಳ್ಳಬಹುದು, ಇಲ್ಲವೇ ಹೆಪ್ಪಿನ ಚೂರು ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. "ಚೆನ್ನಾಗಿದ್ದೀನಿ" ಅನ್ನುವುದು ಮಾತ್ರೆ ನಿಲ್ಲಿಸಲು ಕಾರಣವಲ್ಲ. ಮಾತ್ರೆ ಕೆಲಸ ಮಾಡುತ್ತಿರುವುದಕ್ಕೇ ಚೆನ್ನಾಗಿರುವುದು!

ಹಸುಗಳಿಂದ ಬಂದ ಔಷಧಿ

ಹಸು ಕಟ್ಟಿರುವ ಸದಸ್ಯರಿಗೆ ಈ ಕಥೆ ಇಷ್ಟವಾದೀತು. 1920ರ ದಶಕದಲ್ಲಿ ಅಮೆರಿಕ, ಕೆನಡಾದಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. ಬೂಸ್ಟು ಹಿಡಿದ ಒಂದು ಜಾತಿಯ ಮೇವು ತಿಂದದ್ದೇ ಕಾರಣ. 1933ರಲ್ಲಿ ಒಬ್ಬ ರೈತ, ಹೆಪ್ಪುಗಟ್ಟದ ರಕ್ತವನ್ನು ಕ್ಯಾನಿನಲ್ಲಿ ತುಂಬಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ತಂಡ ವರ್ಷಗಟ್ಟಲೆ ದುಡಿದು ಆ ಮೇವಿನಲ್ಲಿದ್ದ ವಸ್ತುವನ್ನು ಕಂಡುಹಿಡಿಯಿತು. ಅದರಿಂದ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧಿಯೂ ಆಯಿತು.

ಇದನ್ನು ಕೇಳಿ ಹೆದರಬೇಡಿ. ಪ್ರಮಾಣ ಸರಿಯಿದ್ದರೆ ಔಷಧಿ, ಮೀರಿದರೆ ವಿಷ. ಅದಕ್ಕೇ ಐಎನ್‌ಆರ್ ಎಂಬ ರಕ್ತಪರೀಕ್ಷೆ ಇರುವುದು. ಮಾತ್ರೆ ತೆಗೆದುಕೊಳ್ಳದವರಿಗೆ ಅದು ಸುಮಾರು 1 ಇರುತ್ತದೆ. ಮಾತ್ರೆ ತೆಗೆದುಕೊಳ್ಳುವ ಹೆಚ್ಚಿನವರಿಗೆ 2ರಿಂದ 3ರ ನಡುವೆ ಇರಬೇಕು, ಕೆಲವು ವಾಲ್ವ್‌ಗಳಿಗೆ 2.5ರಿಂದ 3.5. ಕಡಿಮೆಯಾದರೆ ಹೆಪ್ಪಿನ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ. ನಿಮ್ಮ ಅಂಕಿ ಎಷ್ಟಿರಬೇಕು ಅಂತ ಡಾಕ್ಟರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಅಂಕಿ ಸ್ಥಿರವಾದ ಮೇಲೂ ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಅಥವಾ ಡಾಕ್ಟರ್ ಹೇಳಿದಾಗ, ಪರೀಕ್ಷೆ ಆಗಲೇಬೇಕು.

ಪರೀಕ್ಷೆ ತಪ್ಪುವುದು ಉದಾಸೀನದಿಂದಲ್ಲ, ದುಡ್ಡಿನಿಂದ. ಹಳ್ಳಿಯಿಂದ ಹಾಸನಕ್ಕೆ ಹೋಗಿ ಬರುವುದೆಂದರೆ ಬಸ್ ಖರ್ಚು, ಲ್ಯಾಬ್ ಖರ್ಚು, ಮೇಲೆ ಒಂದು ದಿನದ ಕೂಲಿ. ನಾಮಕರಣಕ್ಕೆ, ಹಬ್ಬಕ್ಕೆ ನಮ್ಮ ಸಂಘಗಳು ಎರಡು ಮಾತಿಲ್ಲದೆ ಸಾಲ ಕೊಡುತ್ತವೆ. ಐಎನ್‌ಆರ್ ಪರೀಕ್ಷೆಗೂ, ತಿಂಗಳ ಮಾತ್ರೆಗೂ ಹಾಗೇ ಕೊಡಬೇಕು ಅನ್ನುವುದು ನಮ್ಮ ಅಭಿಪ್ರಾಯ. ನಿರ್ಣಯ ಪುಸ್ತಕದಲ್ಲಿ ಒಂದು ಸಲ ಬರೆದಿಟ್ಟರೆ ಸಾಕು, ಪ್ರತಿ ತಿಂಗಳು ಆಕೆ ಕೈಚಾಚಬೇಕಾಗಿಲ್ಲ.

"ಪರೀಕ್ಷೆಯೇ ಬೇಡದ ಹೊಸ ಮಾತ್ರೆ ಬಂದಿದೆಯಂತೆ" ಎನ್ನುವವರಿದ್ದಾರೆ. ಬಂದಿರುವುದು ನಿಜ. ಆದರೆ ಲೋಹದ ವಾಲ್ವ್ ಇದ್ದವರಿಗೆ ಅದು ಆಗುವುದಿಲ್ಲ. ಕೀಲುವಾಯುವಿನಿಂದ ವಾಲ್ವ್ ಕೆಟ್ಟು ಎದೆಬಡಿತ ಏರುಪೇರಾದವರಿಗೂ ಹಳೆಯ ಮಾತ್ರೆಯೇ ಮೇಲು ಎಂದು ಭಾರತದ ರೋಗಿಗಳೂ ಸೇರಿದ್ದ ದೊಡ್ಡ ಅಧ್ಯಯನವೊಂದು 2022ರಲ್ಲಿ ತಿಳಿಸಿತು.

ಸೊಪ್ಪು ತಿನ್ನಬಾರದೇ?

ತಿನ್ನಬಹುದು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಶಕ್ತಿಯನ್ನು ತಗ್ಗಿಸುತ್ತದೆ. ಹಾಗಂತ ಬಸ್ಸಾರು, ಮಸ್ಸೊಪ್ಪು ಬಿಟ್ಟು ರಕ್ತಹೀನತೆ ತಂದುಕೊಳ್ಳಬೇಡಿ. ವಾರಕ್ಕೆ ಎರಡು ಸಲ ತಿನ್ನುವವರು ಎರಡೇ ಸಲ ತಿನ್ನಿ. ಮಳೆಗಾಲದಲ್ಲಿ ಹೊಲದ ತುಂಬ ಸೊಪ್ಪು ಬಂತೆಂದು ದಿನಾ ತಿನ್ನುವುದು, ಬೇಸಿಗೆಯಲ್ಲಿ ಪೂರ್ತಿ ಬಿಡುವುದು, ಇದೇ ಐಎನ್‌ಆರ್ ಏರಿಳಿಸುವುದು.

ಸೊಪ್ಪಿಗಿಂತ ನಮಗೆ ಹೆಚ್ಚು ಹೆದರಿಕೆ ಅಂಗಡಿ ಮಾತ್ರೆಯದು. ಕಳೆ ಕಿತ್ತು ಸೊಂಟನೋವು ಬಂದರೆ ಬ್ರೂಫೆನ್, ಡೈಕ್ಲೋಫೆನಾಕ್ ನುಂಗಬೇಡಿ. ಅಸಿಟ್ರಾಮ್ ಜೊತೆ ಇವು ಸೇರಿದರೆ ಹೊಟ್ಟೆಯಲ್ಲಿ ರಕ್ತ ಒಸರುತ್ತದೆ. ಡಾಕ್ಟರ್ ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ವಾಸಿ. ಕೆಲವು ಆಂಟಿಬಯೋಟಿಕ್, ನಾಟಿ ಔಷಧಿ, ಕುಡಿತ ಕೂಡ ಲೆಕ್ಕ ತಪ್ಪಿಸುತ್ತವೆ. ಹಲ್ಲು ಕೀಳುವವರಿಗೆ, ಇಂಜೆಕ್ಷನ್ ಕೊಡುವವರಿಗೆ ಮೊದಲೇ "ನಾನು ಅಸಿಟ್ರಾಮ್ ತಗೋತೀನಿ" ಅಂತ ಹೇಳಿ. ಅದಕ್ಕಾಗಿ ನೀವೇ ಮಾತ್ರೆ ನಿಲ್ಲಿಸಬೇಡಿ.

ಅಸಿಟ್ರಾಮ್ 1, 2, 3, 4 ಮಿಲಿಗ್ರಾಂಗಳಲ್ಲಿ ಸಿಗುತ್ತದೆ. ಪ್ರತಿ ಸಲ ಪಟ್ಟಿಯ ಮೇಲಿನ ಅಂಕಿ ಓದಿ, ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ. ದಿನಾ ಸಂಜೆ ಒಂದೇ ಹೊತ್ತಿಗೆ ತೆಗೆದುಕೊಳ್ಳಿ. ಮರೆತಿದ್ದು ಅದೇ ದಿನ ನೆನಪಾದರೆ ನುಂಗಿ. ಮಾರನೇ ದಿನ ಎರಡು ಸೇರಿಸಿ ನುಂಗಬೇಡಿ.

ಹೆಂಗಸರು ಹೇಳಲು ನಾಚುವ ಮಾತು

ಮುಟ್ಟು ಜಾಸ್ತಿ ಹೋಗುತ್ತಿದ್ದರೆ ಸಹಿಸಿಕೊಂಡು ಕೂರಬೇಡಿ, ಐಎನ್‌ಆರ್ ನೋಡಿಸಿ. ಮಗು ಬೇಕೆನ್ನುವವರು ಬಸುರಾಗುವ ಮೊದಲೇ ಹೃದಯದ ಡಾಕ್ಟರ ಬಳಿ ಮಾತಾಡಬೇಕು. ಮೊದಲ ಮೂರು ತಿಂಗಳಲ್ಲಿ ಈ ಮಾತ್ರೆ ಮಗುವಿನ ಬೆಳವಣಿಗೆಗೆ ತೊಂದರೆ ಮಾಡಬಹುದು. ಮಾತ್ರೆ ನಿಲ್ಲಿಸಿದರೆ ತಾಯಿಯ ವಾಲ್ವ್ ಕಟ್ಟಿಕೊಳ್ಳಬಹುದು. ಹೆಪಾರಿನ್ ಇಂಜೆಕ್ಷನ್ನಿಗೆ ಬದಲಾಯಿಸಬೇಕೇ, ಯಾವಾಗ ಎಂಬುದನ್ನು ಅವರೇ ತೀರ್ಮಾನಿಸಬೇಕು. ಮುಟ್ಟು ತಪ್ಪಿದರೆ ಆ ವಾರವೇ ಹೋಗಿ. ಅತ್ತೆಗೆ, ಗಂಡನಿಗೆ ಹೇಳಲು ಕಷ್ಟವಾದರೆ ಸಂಘದ ಒಬ್ಬರು ಜೊತೆಗೆ ಹೋಗಿ.

ಯಾವಾಗ ಓಡಬೇಕು?

ಕುಡುಗೋಲು ತಾಗಿದರೆ ಶುದ್ಧ ಬಟ್ಟೆಯಿಂದ ಬಿಡದೆ ಹದಿನೈದು ನಿಮಿಷ ಒತ್ತಿ ಹಿಡಿಯಿರಿ. ಆದರೂ ನಿಲ್ಲದಿದ್ದರೆ, ಮಲ ಟಾರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ತಡೆಯಲಾರದ ತಲೆನೋವು ಬಂದರೆ ಆಸ್ಪತ್ರೆಗೆ ಹೋಗಿ. ತಲೆಗೆ ಪೆಟ್ಟು ಬಿದ್ದರೆ ಹೊರಗೆ ಗಾಯ ಕಾಣದಿದ್ದರೂ ಹೋಗಲೇಬೇಕು. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ವಾಲ್ವಿನ ಟಿಕ್ ಟಿಕ್ ಶಬ್ದ ಮಂಕಾಗುವುದು ಹೆಪ್ಪಿನ ಗುರುತು. ಗಳಿಗೆಯೂ ತಡ ಮಾಡಬೇಡಿ.

ಮುಂದಿನ ವಾರದ ಸಭೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವ ಸದಸ್ಯರು ತಮ್ಮ ಪಟ್ಟಿ, ಡಾಕ್ಟರ ಚೀಟಿ, ಐಎನ್‌ಆರ್ ರಿಪೋರ್ಟ್ ತನ್ನಿ. ಮನೆಯಲ್ಲಿ ಬೇರೆ ಯಾರಾದರೂ ತೆಗೆದುಕೊಳ್ಳುತ್ತಿದ್ದರೆ ಅವರದ್ದೂ ತನ್ನಿ. ಯಾವ ಜಾತಿಯ ಮಾತ್ರೆ, ಎಷ್ಟು ಮಿಲಿಗ್ರಾಂ, ಮುಂದಿನ ಪರೀಕ್ಷೆ ಯಾವ ತಾರೀಕು ಎಂದು ಓದು ಬರುವ ಸದಸ್ಯರು ಒಂದೊಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಡಲಿ.