ಕೀ ಕೊಡುವ ಮುಂಚೆ

ಮಗಾ, ಮೊನ್ನೆ ನಿನ್ನ ಹೊಸ ಕಾರಿನಲ್ಲಿ ಮೈಸೂರಿಗೆ ಹೋಗಿಬಂದಾಗಿನಿಂದ ಒಂದು ಮಾತು ಹೇಳಬೇಕು ಅಂದುಕೊಳ್ಳುತ್ತಲೇ ಇದ್ದೇನೆ. ಮುಂದಿನ ಗಾಡಿಗೆ ಗುದ್ದುವ ಹಾಗಾದರೆ ಪೀಂ ಪೀಂ ಎಂದು ಎಚ್ಚರಿಸುತ್ತದಲ್ಲ, ಅದನ್ನು ನೀನು ‘ಲೇಟ್’ಗೆ ಇಟ್ಟಿದ್ದೀಯ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸ್ಕೂಟರು ಅಡ್ಡ ನುಗ್ಗಿದಾಗಲೆಲ್ಲ ಕೂಗುತ್ತದೆ, ತಲೆ ಕೆಡುತ್ತದೆ ಅಂದೆ. ನಿಜ. ಸುಮ್ಮಸುಮ್ಮನೆ ಕೂಗಿದರೆ ಕಿವಿ ಒಗ್ಗಿಹೋಗುತ್ತದೆ, ಬೇಕಾದಾಗ ಕೂಗಿದರೂ ಕಾಲು ಬ್ರೇಕಿಗೆ ಹೋಗುವುದಿಲ್ಲ.

ಆದರೆ ಭಾನುವಾರ ಅದೇ ಕಾರನ್ನು ನಿಮ್ಮಪ್ಪ ಓಡಿಸುತ್ತಾರೆ. ನನ್ನ ಅಣ್ಣನಿಗೆ ಈಗ 68.

ಆ ಎಚ್ಚರಿಕೆ ಕೊಡಲು ಕಾರಿನ ರಾಡಾರ್, ಕ್ಯಾಮೆರಾ ಸೇರಿ ಮುಂದಿನ ಗಾಡಿ ಎಷ್ಟು ದೂರದಲ್ಲಿದೆ, ಎಷ್ಟು ಬೇಗ ಹತ್ತಿರವಾಗುತ್ತಿದೆ ಎಂದು ಅಳೆದು, ಗುದ್ದಲು ಇನ್ನೆಷ್ಟು ಸೆಕೆಂಡು ಉಳಿದಿದೆ ಎಂದು ಲೆಕ್ಕ ಹಾಕುತ್ತವೆ. ಓಡಿಸುವವರ ಕಾಲು ಎಷ್ಟು ಚುರುಕು ಎಂಬ ಲೆಕ್ಕ ಅದರಲ್ಲಿಲ್ಲ. ಗಂಟೆಗೆ 90 ಕಿಲೋಮೀಟರ್ ಅಂದರೆ ಸೆಕೆಂಡಿಗೆ 25 ಮೀಟರ್. ಬ್ರೇಕ್ ಒತ್ತುವುದು ನಿನಗಿಂತ ಅರ್ಧ ಸೆಕೆಂಡು ತಡವಾದರೂ ಸಾಕು, ಕಾರು ಒಂದು ಬಸ್ಸಿನ ಉದ್ದದಷ್ಟು ಮುಂದೆ ಹೋಗಿರುತ್ತದೆ. ರಸ್ತೆ ವಿನ್ಯಾಸ ಮಾಡುವಾಗ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ಚಾಲಕ ನೋಡಿ, ಅರಿತು, ಬ್ರೇಕ್ ಒತ್ತಲು 2.5 ಸೆಕೆಂಡು ಬಿಟ್ಟುಕೊಡುತ್ತಾರೆ. ಎಲ್ಲರೂ ನಿನ್ನ ವಯಸ್ಸಿನವರಲ್ಲ ಎಂಬ ವಿವೇಕ ಅದು.

ಸ್ಕೇಲಿನ ಆಟ ನೆನಪಿದೆಯಾ? ಹಬ್ಬದ ದಿನ ಒಂದಡಿ ಸ್ಕೇಲನ್ನು ನಾನು ಮೇಲೆ ಹಿಡಿದು ಕೈಬಿಟ್ಟೆ, ಕೆಳಗೆ ಬೆರಳು ಅಗಲಿಸಿಕೊಂಡು ನೀನು ಕಾದಿದ್ದೆ. ಹದಿನೇಳನೇ ಸೆಂಟಿಮೀಟರಿನಲ್ಲಿ ಹಿಡಿದೆ. ಅಣ್ಣನ ಬೆರಳು ಮುಚ್ಚುವಷ್ಟರಲ್ಲಿ ಸ್ಕೇಲು ನೆಲಕ್ಕೆ ಬಿದ್ದಿತ್ತು. ಒಂದಡಿ ಬೀಳಲು ಕಾಲು ಸೆಕೆಂಡು ಸಾಕು. ಅವರು ನಗುತ್ತಲೇ ಬಗ್ಗಿ ಎತ್ತಿಕೊಟ್ಟರು. ನನಗೆ ಮಾತ್ರ ಕಾರಿನ ಯೋಚನೆ ಹತ್ತಿತು. ಕಾರಿನಲ್ಲಂತೂ ಬೆರಳಲ್ಲ, ಒಂದು ಪೆಡಲಿನಿಂದ ಇನ್ನೊಂದಕ್ಕೆ ಕಾಲು ಹೋಗಬೇಕು.

ರಾತ್ರಿ ಪಾಳಿ ಮುಗಿಸಿ ಬರುವಾಗ ನಿನ್ನ ಕೈಯೂ ಹಬ್ಬದ ದಿನದ ಕೈಯಲ್ಲ, ಮಗಾ. ಆಗ ನಿನಗೂ ಬೇಗ ಎಚ್ಚರಿಸುವ ‘ಅರ್ಲಿ’ಯೇ ಇರಲಿ. ಹೆದ್ದಾರಿಗಂತೂ ಅದೇ ಸರಿ. ಊರೊಳಗೆ ‘ನಾರ್ಮಲ್’ ಸಾಕು. ಗಾಜಿನ ಮೇಲೆ, ಕ್ಯಾಮೆರಾದ ಮುಂದೆ, ಕೆಸರು ಕೂತಿದ್ದರೆ ಒರೆಸಿಕೋ.

ಈ ಭಾನುವಾರ ಕೀ ಕೊಡುವ ಮುಂಚೆ ಮೆನು ತೆಗೆದು ‘ಅರ್ಲಿ’ಗೆ ಹಾಕು. ಕದ್ದುಮುಚ್ಚಿ ಬೇಡ, ಅಪ್ಪನ ಎದುರೇ ಹಾಕಿ ಯಾಕೆ ಅಂತಲೂ ಹೇಳು. ಅವರು ಬೇಜಾರು ಮಾಡಿಕೊಳ್ಳುವವರಲ್ಲ.