ಹಳೆಯ ಮುರಿತ, ತಿಂಗಳ ಖರ್ಚು

ನಾಯಿಯ ಕಾಲಿನ ಮೂಳೆ ಮುರಿದು ಓರೆಯಾಗಿ ಕೂಡಿಕೊಂಡರೆ ಮೈಭಾರವೆಲ್ಲ ಕೀಲಿನ ಒಂದೇ ಬದಿಗೆ ಬೀಳುತ್ತದೆ. ಆ ಬದಿಯ ಮೃದ್ವಸ್ಥಿ ಸವೆದು, ಅಂಚಿನಲ್ಲಿ ಹೊಸ ಮೂಳೆ ಮೊಳೆತು, ವರ್ಷಗಳ ಮೇಲೆ ಕೀಲು ಬಿಗಿಯುತ್ತದೆ. ಈ ಸಂಧಿವಾತಕ್ಕೆ ಪೂರ್ಣ ಗುಣವಿಲ್ಲ; ನಾಯಿ ಬದುಕಿರುವಷ್ಟು ಕಾಲ ನೋವನ್ನು ಹಿಡಿತದಲ್ಲಿಡಬೇಕು. ಕಿರಾಣಿಯಂತೆ ಇದೂ ತಿಂಗಳ ಖರ್ಚು.

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ತೋಟದ ಮನೆಗಳಲ್ಲಿ ಈ ಖರ್ಚು ಹೆಚ್ಚಾಗಿ ಮುಧೋಳ ನಾಯಿಯದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿರುವ ತಳಿ. ಮೊಲದ ಬೆನ್ನಟ್ಟಲೆಂದೇ ಬೆಳೆಸಿದ ಉದ್ದನೆಯ ಸಪೂರ ಕಾಲು. ಈ ಅಂಕಣಕಾರರ ಮನೆಯ ನಾಯಿಗೆ ಎರಡನೇ ವರ್ಷದಲ್ಲಿ ಬೈಕ್ ಬಡಿದು ಹಿಂಗಾಲು ಮುರಿದಾಗ, ಎಕ್ಸ್-ರೇ ಖರ್ಚು ಉಳಿಸಲು ಬಿದಿರಿನ ದಬ್ಬೆ ಕಟ್ಟಿಸಲಾಯಿತು. ಏಳನೇ ವರ್ಷದಿಂದ ಆ ಉಳಿತಾಯದ ಹಲವು ಪಟ್ಟು ಹಣ ಔಷಧಕ್ಕೆ ಹೋಯಿತು. ದೊಡ್ಡ ನಷ್ಟ ನಾಯಿಗಾದದ್ದು: ಬೆಳಿಗ್ಗೆ ಎದ್ದೊಡನೆ ಕುಂಟು, ಕಟ್ಟೆ ಏರಲು ಹಿಂಜರಿಕೆ, ಚಳಿಗಾಲದ ರಾತ್ರಿ ನರಳಾಟ.

ಮೊದಲ ಹಣ ಎಕ್ಸ್-ರೇ ಮತ್ತು ರಕ್ತಪರೀಕ್ಷೆಗೆ ಮೀಸಲಾಗಬೇಕು. ನೋವಿನ ಔಷಧಗಳು ಮೂತ್ರಪಿಂಡ, ಯಕೃತ್ತಿನ ಮೇಲೆ ಭಾರ ಹಾಕುವುದರಿಂದ ಅವುಗಳ ಸ್ಥಿತಿ ತಿಳಿಯದೆ ಔಷಧ ಆರಂಭಿಸುವುದು ಅಪಾಯ. ಮನುಷ್ಯರ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ತರುತ್ತವೆ. ಪಶುವೈದ್ಯರು ಬಳಸುವ ಮೆಲಾಕ್ಸಿಕ್ಯಾಮ್‌ನ ಪ್ರಮಾಣ ಮೊದಲ ದಿನ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ, ನಂತರ ದಿನಕ್ಕೆ 0.1. ಅಂದರೆ 25 ಕಿಲೋ ನಾಯಿಗೆ 2.5 ಮಿಲಿಗ್ರಾಂ; ಮನುಷ್ಯರಿಗೆ ಕೊಡುವ 7.5ರ ಮಾತ್ರೆ ಅದರ ಮೂರು ಪಟ್ಟು. ಕಾಸು ಉಳಿಸಲು ಅದನ್ನೇ ನುಂಗಿಸಿದವರು ಕೊನೆಗೆ ಸಲೈನ್‌ಗೆ ಹಣ ತೆರುತ್ತಾರೆ.

ಫಲ ಕೊಡುವ ಹಲವು ಕ್ರಮಗಳಿಗೆ ದುಡ್ಡೇ ಬೇಡ. ಹಳೆಯ ಸೀರೆಗಳ ದಪ್ಪ ಕೌದಿ ಮಡಚಿ ಹಾಸಿದರೆ ಕೀಲಿಗೆ ನೆಲದ ತಣ್ಪು ತಾಗುವುದಿಲ್ಲ. ಜಾರುವ ಟೈಲ್ಸ್ ಮೇಲೆ ಗೋಣಿಚೀಲ ಸಾಕು. ವಾರವಿಡೀ ಕಟ್ಟಿಹಾಕಿ ಒಂದು ದಿನ ಹೊಲದಲ್ಲಿ ಓಡಿಸುವುದಕ್ಕಿಂತ ದಿನಾ ಎರಡು ಸಲ ನಿಧಾನದ ನಡಿಗೆ ಒಳ್ಳೆಯದು. ಕಟ್ಟಿನಲ್ಲೇ ಇದ್ದು, ರೊಟ್ಟಿ-ಹಾಲು ತಿಂದು ಕೊಬ್ಬಿದ ನಾಯಿಯಲ್ಲಿ ತೂಕ ಶೇ 6ರಷ್ಟು ಇಳಿದರೂ ಕುಂಟು ಕಡಿಮೆಯಾಗುತ್ತದೆ. ಗ್ಲುಕೋಸಮೈನ್ ಪುಡಿಯ ಪುರಾವೆ ದುರ್ಬಲ; ಹಣ ಮಿಕ್ಕರೆ ಮಾತ್ರ ಅದು. ಮೊದಲೇ ಇದ್ದ ಗಾಯದ ಚಿಕಿತ್ಸೆಗೆ ಸಾಮಾನ್ಯವಾಗಿ ವಿಮೆಯೂ ಸಿಗುವುದಿಲ್ಲ.

ಒಂದು ಔಷಧ ಸಾಲದಾದಾಗ ವೈದ್ಯರು ಗ್ಯಾಬಪೆಂಟಿನ್ ಸೇರಿಸುತ್ತಾರೆ. ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ತಪ್ಪಿಸಬಾರದು. ಅಂಕಣಕಾರರ ಮನೆಯಲ್ಲಿ ಬೇಸಿಗೆಯ ಬಿಸಿಗೆ ಕೀಲು ಸಡಿಲಾದಾಗ, ವೈದ್ಯರು ನೋಡಿ, ಔಷಧವನ್ನು ದಿನ ಬಿಟ್ಟು ದಿನಕ್ಕೆ ಇಳಿಸಿದರು. ಆ ತಿಂಗಳುಗಳ ಖರ್ಚು ಅರ್ಧಕ್ಕೆ ಬಂತು.