ಕಾರ್ಯದರ್ಶಿಗೆ ಹಿಂಬಡ್ತಿ: ಠರಾವಿಗೆ ಮೊದಲು ವಿಚಾರಣೆ

ಹಾಲು ಉತ್ಪಾದಕ ಬಾಂಧವರೇ,

ಸವಡಿಯಂಥ ಊರಿನ ಸಂಘದಲ್ಲಿ ಫ್ಯಾಟ್ ಲೆಕ್ಕ ತಪ್ಪಿತೆಂದರೆ, ‘ಕಾರ್ಯದರ್ಶಿಯನ್ನು ನಾಳೆಯಿಂದ ಟೆಸ್ಟರ್ ಮಾಡಿ’ ಎಂಬ ಕೂಗು ಏಳುತ್ತದೆ. ಸಿಟ್ಟು ಸಹಜ. ಆದರೆ ಹಿಂಬಡ್ತಿ ಒಂದು ಶಿಕ್ಷೆ. ಬರೀ ಠರಾವು ಸಾಲದು. ಆಡಳಿತ ಮಂಡಳಿ ಆರೋಪವನ್ನು ಬರವಣಿಗೆಯಲ್ಲಿ ಕೊಟ್ಟು, ಉತ್ತರಿಸಲು ಸಮಯ ಕೊಡಬೇಕು. ಫ್ಯಾಟ್ ರಿಜಿಸ್ಟರನ್ನು ಅವರ ಮುಂದಿಟ್ಟು ವಿಚಾರಣೆ ನಡೆಸಬೇಕು. ದೂರು ಕೊಟ್ಟವರೇ ವಿಚಾರಣೆಗೆ ಕೂರಬಾರದು. ಸಣ್ಣ ಊರಲ್ಲಿ ಇದೇ ಕಷ್ಟ. ಆದೇಶದಲ್ಲಿ ಕಾರಣ ಬರೆದಿರಬೇಕು.

ಅನ್ಯಾಯವಾಯಿತೆಂದರೆ ನೌಕರರು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 70ನೇ ಕಲಮಿನಡಿ ಸಹಕಾರ ಇಲಾಖೆಯಲ್ಲಿ ದಾವೆ ಹೂಡಬಹುದು. ಆದೇಶ ರದ್ದಾಗಿ ಸಂಬಳದ ಬಾಕಿ ಕೊಡಬೇಕಾಗಿ ಬಂದರೆ, ಅದು ಹೋಗುವುದು ಸಂಘದ ಹಣದಿಂದ. ಅಂದರೆ ನಿಮ್ಮ ಬೋನಸ್ಸಿನಿಂದ.